ಭಾನುವಾರ ಓಡದ ಓಟಗಾರ

ಓಟದ ಮರ್ಮವನ್ನು ಬಲ್ಲವರು ಎರಿಕ್ ಲಿಡೆಲ್ ಓಡುವುದನ್ನು ಮೊದಲ ಬಾರಿ ಕಂಡಾಗ ಮೂಗು ಮುರಿಯುತ್ತಿದ್ದರು. ಓಡುವವನು ಮೈಯನ್ನು ತುಸು ಮುಂದಕ್ಕೆ ಬಾಗಿಸಬೇಕು, ದೃಷ್ಟಿಯನ್ನು ಗುರಿಯಲ್ಲಿ ನೆಡಬೇಕು, ಕೈಗಳನ್ನು ಹದವರಿತು ಬೀಸಬೇಕು ಎಂಬುದು ಎಲ್ಲ ಶಿಕ್ಷಕರೂ ಹೇಳಿಕೊಡುವ ಮೊದಲ ಪಾಠ. ಎರಿಕನಾದರೋ ತಲೆಯನ್ನು ಹಿಂದಕ್ಕೆ ಚೆಲ್ಲಿ, ಮುಖವನ್ನು ಆಕಾಶದತ್ತ ಎತ್ತಿ, ಬಾಯಿಯನ್ನು ಅಗಲವಾಗಿ ತೆರೆದು, ತೋಳುಗಳನ್ನು ಗಾಳಿಯಂತ್ರದ ರೆಕ್ಕೆಗಳಂತೆ ತಿರುಗಿಸುತ್ತ ಓಡುತ್ತಿದ್ದನು. ಮುಂದಿನ ದಾರಿ ಅವನಿಗೆ ಕಾಣಿಸುತ್ತಿತ್ತೇ ಎಂದು ನೋಡುವವರಿಗೆ ಸಂದೇಹವಾಗುತ್ತಿತ್ತು. ಆದರೂ ಓಟ ಮುಗಿಯುವ ಹೊತ್ತಿಗೆ ಅವನೇ ಎಲ್ಲರಿಗಿಂತ ಮುಂದಿರುತ್ತಿದ್ದನು. ಲಿಡೆಲ್ಲನ ತಲೆ ಹಿಂದಕ್ಕೆ ವಾಲಿತೆಂದರೆ ಅವನನ್ನು ಇನ್ನು ಯಾರೂ ಹಿಡಿಯಲಾರರೆಂಬುದು ಸ್ಕಾಟ್ಲೆಂಡಿನ ಪ್ರೇಕ್ಷಕರಿಗೆ ಕ್ರಮೇಣ ತಿಳಿದುಹೋಯಿತು.

ಎರಿಕ್ ಹೆನ್ರಿ ಲಿಡೆಲ್ ಸ್ಕಾಟ್ಲೆಂಡಿನವನಾದರೂ ಹುಟ್ಟಿದುದು ಚೀನಾ ದೇಶದಲ್ಲಿ. ಉತ್ತರ ಚೀನಾದ ಟಿಯೆನ್‌ಸಿನ್ ನಗರದಲ್ಲಿ 1902ನೆಯ ಇಸವಿ ಜನವರಿ 16ರಂದು ಅವನ ಜನನವಾಯಿತು. ತಂದೆ ಜೇಮ್ಸ್ ಲಿಡೆಲ್ ಹಾಗೂ ತಾಯಿ ಮೇರಿ ಇಬ್ಬರೂ ಲಂಡನ್ ಮಿಷನರಿ ಸೊಸೈಟಿಯ ಕಾರ್ಯಕ್ಕಾಗಿ ಅಲ್ಲಿ ನೆಲೆಸಿದ್ದರು. ಈ ಸಂಸ್ಥೆ ಕನ್ನಡನಾಡಿಗೆ ಅಪರಿಚಿತವಾದುದಲ್ಲ. ಬಳ್ಳಾರಿಯಲ್ಲಿಯೂ ಬೆಂಗಳೂರಿನಲ್ಲಿಯೂ ಅದರ ಶಾಲೆಗಳು ಹಿಂದಿನಿಂದಲೇ ಇದ್ದುವು. ನಮ್ಮ ಶಾಸನಗಳನ್ನು ಬೆಳಕಿಗೆ ತಂದ ಬಿ. ಎಲ್. ರೈಸ್ ಅವರ ತಂದೆ ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿದುದು ಈ ಸಂಸ್ಥೆಯ ಪರವಾಗಿಯೇ. ಎರಿಕನು ಹುಟ್ಟುವುದಕ್ಕೆ ಎರಡು ವರ್ಷ ಮುಂಚೆ ಚೀನಾದಲ್ಲಿ ಬಾಕ್ಸರ್ ದಂಗೆ ನಡೆದು ಅನೇಕ ಪಾದ್ರಿಗಳೂ ಸಾವಿರಾರು ಚೀನೀ ಕ್ರೈಸ್ತರೂ ಹತರಾಗಿದ್ದರು. ಅಂತಹ ನಾಡಿನ ಸಿಯಾವ್‌ಚಾಂಗ್ ಎಂಬ ಹಳ್ಳಿಯಲ್ಲಿ, ಬಯಲಿನ ನಡುವೆ, ಚೀನೀ ಮಕ್ಕಳ ಜೊತೆಯಲ್ಲಿ ಅವನ ಎಳೆತನ ಕಳೆಯಿತು. ಒಮ್ಮೆ ಅವನಿಗೆ ತೀವ್ರವಾದ ಕಾಯಿಲೆಯಾಗಿ ಕಾಲುಗಳು ಸೋತುಹೋದುವು. ಈ ಹುಡುಗ ಇನ್ನು ಓಡಲಾರನೆಂದು ಕಂಡವರು ಮರುಗಿದರಂತೆ.

ಅವನಿಗೆ ಆರು ವರ್ಷವಾದಾಗ ಅಣ್ಣ ರಾಬರ್ಟನೊಡನೆ ಅವನನ್ನು ಲಂಡನ್ನಿನ ಬಳಿಯ ಒಂದು ವಸತಿಶಾಲೆಗೆ ಸೇರಿಸಿದರು. ದೂರದೇಶಗಳಲ್ಲಿ ದುಡಿಯುವ ಮಿಷನರಿಗಳ ಗಂಡುಮಕ್ಕಳಿಗಾಗಿಯೇ ಇದ್ದ ಶಾಲೆ ಅದು. ಮುಂದೆ ಎಲ್ತಮ್ ಕಾಲೇಜು ಎಂದು ಹೆಸರಾಯಿತು. ತಂದೆ ಚೀನಾಕ್ಕೆ ಮರಳಿದರು. ಕೆಲಕಾಲದ ಬಳಿಕ ತಾಯಿಯೂ ಹೊರಟುಹೋದರು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಬೇಕಾಗಿದ್ದ ಆ ಕಾಲದಲ್ಲಿ ಮಕ್ಕಳು ಹೆತ್ತವರ ಮುಖ ನೋಡಲು ವರ್ಷಗಳೇ ಕಾಯಬೇಕಾಗುತ್ತಿತ್ತು. ಎರಿಕನು ಮಿತಭಾಷಿ, ಬಹಳ ಸಂಕೋಚದ ಹುಡುಗ. ಓದಿನಲ್ಲಿ ಸಾಧಾರಣ. ಆಟದ ಬಯಲಿಗೆ ಇಳಿದಾಗ ಮಾತ್ರ ಅವನ ಸಂಕೋಚ ಎಲ್ಲಿಯೋ ಅಡಗಿಬಿಡುತ್ತಿತ್ತು. ಶಾಲೆ ಬಿಡುವ ವೇಳೆಗೆ ಅವನು ಕ್ರಿಕೆಟ್ ಮತ್ತು ರಗ್ಬಿ ತಂಡಗಳೆರಡಕ್ಕೂ ನಾಯಕನಾಗಿದ್ದನು.

1920ರಲ್ಲಿ ಅವನು ವಿಜ್ಞಾನ ಓದಲು ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದನು. ಮರುವರ್ಷದ ವಿಶ್ವವಿದ್ಯಾಲಯದ ಕ್ರೀಡಾಕೂಟದಲ್ಲಿ ನೂರು ಗಜಗಳ ಓಟವನ್ನು ಗೆದ್ದಾಗ ಅವನ ಹೆಸರು ಊರಿಗೆಲ್ಲ ತಿಳಿಯಿತು. ಟಾಮ್ ಮೆಕರ್ಕರ್ ಎಂಬ ಅನುಭವಿ ಅವನಿಗೆ ತರಬೇತಿ ಕೊಡಲು ಒಪ್ಪಿಕೊಂಡನು. ಶಿಷ್ಯನ ವಿಚಿತ್ರ ಭಂಗಿ ತಿದ್ದುವಂತಹುದಲ್ಲ ಎಂಬುದನ್ನು ಈ ಗುರು ಅರಿತುಕೊಂಡನೆನ್ನಬೇಕು. ಅದೇ ವೇಳೆಗೆ ಎರಿಕನು ರಗ್ಬಿ ಆಟದಲ್ಲಿಯೂ ಮೇಲೇರಿದನು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಗಳು ಮೈಮೇಲೆ ಬಿದ್ದು ನೆಲಕ್ಕೆ ಕೆಡಹುವ ಒರಟು ಆಟವದು. 1922 ಮತ್ತು 1923ರಲ್ಲಿ ಅವನು ಸ್ಕಾಟ್ಲೆಂಡಿನ ರಾಷ್ಟ್ರೀಯ ತಂಡದ ಪರವಾಗಿ ಏಳು ಪಂದ್ಯಗಳನ್ನು ಆಡಿದನು. ಬಳಿಕ ಓಟಕ್ಕಾಗಿ ರಗ್ಬಿಯನ್ನು ಬಿಟ್ಟುಕೊಟ್ಟನು.

1923ರ ಏಪ್ರಿಲ್ ತಿಂಗಳಲ್ಲಿ ಅವನ ಬಾಳಿನಲ್ಲಿ ಸಣ್ಣದೆಂದು ತೋರುವ ಒಂದು ಘಟನೆ ನಡೆಯಿತು. ಡಿ. ಪಿ. ಥಾಮ್ಸನ್ ಎಂಬ ಧರ್ಮಬೋಧಕನು ಆರ್ಮಡೇಲ್ ಎಂಬ ಗಣಿ ಕಾರ್ಮಿಕರ ಊರಿನಲ್ಲಿ ಸಭೆಗಳನ್ನು ಏರ್ಪಡಿಸಿದ್ದನು. ಉಪದೇಶ ಕೇಳಲು ಗಂಡಸರು ಬರಲಿಲ್ಲ. ರಗ್ಬಿ ಆಟಗಾರನೊಬ್ಬ ಮಾತನಾಡುವನೆಂದರೆ ಬಂದಾರೆಂದು ಯೋಚಿಸಿ ಅವನು ಎರಿಕನ ಬಳಿಗೆ ಹೋದನು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನಾಚುತ್ತಿದ್ದ ಎರಿಕನು ಒಂದು ಕ್ಷಣ ತಲೆ ತಗ್ಗಿಸಿ ಯೋಚಿಸಿ ಒಪ್ಪಿಕೊಂಡನು. ಅಂದು ಗಣಿಗಾರರ ಮುಂದೆ ಅವನು ಮಾಡಿದುದು ಭಾಷಣವಲ್ಲ. ದೇವರು ತನ್ನ ಬಾಳಿಗೆ ಏನಾಗಿರುವನೆಂಬುದನ್ನು ಮೆಲುದನಿಯಲ್ಲಿ, ಸರಳವಾಗಿ ಹೇಳಿದನು. ಮರುದಿನ ಸ್ಕಾಟ್ಲೆಂಡಿನ ಪತ್ರಿಕೆಗಳೆಲ್ಲ ಅದನ್ನು ಬರೆದುವು. ಅಂದಿನಿಂದ ಅವನ ನಂಬಿಕೆ ಮನೆಯೊಳಗಿನ ಸಂಗತಿಯಾಗಿ ಉಳಿಯಲಿಲ್ಲ. ಎಲ್ಲರೂ ಬಲ್ಲ ವಿಷಯವಾಯಿತು. ಎಲ್ಲರೂ ಬಲ್ಲ ನಂಬಿಕೆಗೆ ಎಲ್ಲರೆದುರಿಗೇ ಪರೀಕ್ಷೆ ಬರುವುದು ಸಹಜ.

ಅದೇ ವರ್ಷ ಜುಲೈಯಲ್ಲಿ ಲಂಡನ್ನಿನ ರಾಷ್ಟ್ರೀಯ ಕೂಟದಲ್ಲಿ ಅವನು ನೂರು ಗಜಗಳನ್ನು 9.7 ಸೆಕೆಂಡುಗಳಲ್ಲಿ ಓಡಿ ಹೊಸ ಬ್ರಿಟಿಷ್ ದಾಖಲೆಯನ್ನು ಸ್ಥಾಪಿಸಿದನು. ಕೆಲವು ದಿನಗಳ ತರುವಾಯ ಸ್ಟೋಕ್ ಪಟ್ಟಣದಲ್ಲಿ 440 ಗಜಗಳ ಓಟ. ಹೊರಟ ಕೆಲವೇ ಹೆಜ್ಜೆಗಳಲ್ಲಿ ಪಕ್ಕದವನ ಮೈ ತಾಗಿ ಎರಿಕನು ಓಟದ ಹಾದಿಯಿಂದಾಚೆಗೆ ಹುಲ್ಲಿನ ಮೇಲೆ ಬಿದ್ದನು. ಇನ್ನು ಓಡುವಂತಿಲ್ಲವೆಂದು ಭಾವಿಸಿ ಒಂದು ಕ್ಷಣ ಸುಮ್ಮನಿದ್ದನು. ಓಡಬಹುದೆಂದು ಅಧಿಕಾರಿಗಳು ಸನ್ನೆ ಮಾಡಿದೊಡನೆ ಎದ್ದು ನುಗ್ಗಿದನು. ಆ ವೇಳೆಗೆ ಉಳಿದವರು ಸುಮಾರು ಇಪ್ಪತ್ತು ಗಜಗಳಷ್ಟು ಮುಂದೆ ಹೋಗಿದ್ದರು. ಒಬ್ಬೊಬ್ಬರನ್ನೇ ದಾಟಿ, ಕೊನೆಯ ಗೆರೆಯಲ್ಲಿ ಮೊದಲಿಗನಾಗಿ ಮುಟ್ಟಿ, ಅಲ್ಲಿಯೇ ಕುಸಿದುಬಿದ್ದನು. ಕಂಡವರು ಮುಪ್ಪಿನವರೆಗೂ ಮರೆಯದ ಓಟವಾಗಿತ್ತು ಅದು.

1924ರ ಒಲಿಂಪಿಕ್ ಕ್ರೀಡೆಗಳು ಪ್ಯಾರಿಸ್ ನಗರದಲ್ಲಿ ನಡೆಯಲಿದ್ದುವು. ನೂರು ಮೀಟರ್ ಓಟದಲ್ಲಿ ಬ್ರಿಟನ್ನಿಗೆ ಬಂಗಾರದ ಪದಕವನ್ನು ತರುವವನು ಲಿಡೆಲ್ಲನೆಂದು ಜನ ನಂಬಿದ್ದರು. ಕೂಟಕ್ಕೆ ಹಲವು ತಿಂಗಳುಗಳ ಮೊದಲೇ ವೇಳಾಪಟ್ಟಿ ಪ್ರಕಟವಾಯಿತು. ನೂರು ಮೀಟರಿನ ಪ್ರಾಥಮಿಕ ಸುತ್ತುಗಳು ಜುಲೈ 6ರಂದು, ಅಂದು ಭಾನುವಾರ. ಆರು ದಿನ ದುಡಿದು ಒಂದು ದಿನವನ್ನು ದೇವರಿಗೆ ಮೀಸಲಿಡಬೇಕೆಂಬುದು ಬೈಬಲ್ಲಿನ ದಶಾಜ್ಞೆಗಳಲ್ಲೊಂದು. ಎರಿಕನು ಬೆಳೆದ ಮನೆತನದಲ್ಲಿ ಆ ಸಬ್ಬತ್ ದಿನ ಆಟವಿಲ್ಲ, ವ್ಯಾಪಾರವಿಲ್ಲ. ಅವನು ಕೂಗಾಡಲಿಲ್ಲ, ದಿನವನ್ನು ಬದಲಿಸಬೇಕೆಂದು ಹಟ ಹಿಡಿಯಲೂ ಇಲ್ಲ. ತಾನು ಭಾನುವಾರ ಓಡುವುದಿಲ್ಲವೆಂದು ತಿಳಿಸಿದನು, ಅಷ್ಟೆ. ಎರಡು ರಿಲೇ ಓಟಗಳನ್ನೂ ಅದೇ ಕಾರಣಕ್ಕಾಗಿ ಬಿಟ್ಟನು. ದೇಶದ ಕೀರ್ತಿಗಿಂತ ಈ ಹುಡುಗನಿಗೆ ತನ್ನ ನೇಮವೇ ದೊಡ್ಡದಾಯಿತೆ ಎಂದು ಹಲವರು ಜರೆದರು. 1981ರಲ್ಲಿ ತೆರೆಕಂಡು ಆಸ್ಕರ್ ಪ್ರಶಸ್ತಿ ಪಡೆದ ಪ್ರಸಿದ್ಧ ಚಲನಚಿತ್ರವೊಂದರಲ್ಲಿ ಅವನು ಹಡಗನ್ನು ಏರುವಾಗ ಈ ಸುದ್ದಿಯನ್ನು ಕೇಳಿದಂತೆ ತೋರಿಸಿದ್ದಾರೆ. ಅದು ಕಥೆಯ ರಂಗಿಗಾಗಿ ಮಾಡಿದ ಮಾರ್ಪಾಟು. ನಿಜಸಂಗತಿ ಅದಕ್ಕಿಂತ ಕಠಿನವಾದುದು. ಒಂದು ಗಳಿಗೆಯ ಆವೇಶದಲ್ಲಿ ಬೇಡವೆನ್ನುವುದು ಸುಲಭ. ಎರಿಕನು ತಿಂಗಳುಗಟ್ಟಲೆ ಜನರ ಮಾತನ್ನು ಕೇಳಿಯೂ ಅದೇ ಉತ್ತರದಲ್ಲಿ ನಿಲ್ಲಬೇಕಾಯಿತು.

ಇನ್ನು ಉಳಿದುದು 200 ಮತ್ತು 400 ಮೀಟರ್ ಓಟಗಳು. ನಾನೂರು ಮೀಟರ್ ಅವನ ಮುಖ್ಯ ಸ್ಪರ್ಧೆಯಾಗಿರಲಿಲ್ಲ. ಆದರೂ ಗುರು ಶಿಷ್ಯರಿಬ್ಬರೂ ಅದಕ್ಕಾಗಿ ಅಭ್ಯಾಸವನ್ನು ಆರಂಭಿಸಿದರು. ಜೂನ್ ತಿಂಗಳ ರಾಷ್ಟ್ರೀಯ ಕೂಟದಲ್ಲಿ ಅವನು 440 ಗಜಗಳನ್ನು 49.6 ಸೆಕೆಂಡುಗಳಲ್ಲಿ ಓಡಿ ಗೆದ್ದನು. ಒಳ್ಳೆಯ ವೇಗವೇ, ಆದರೆ ಅಮೆರಿಕದ ಓಟಗಾರರನ್ನು ಹೆದರಿಸುವಷ್ಟಲ್ಲ.

ಜುಲೈ 6ರಂದು ಪ್ಯಾರಿಸ್ಸಿನ ಕೊಲಂಬ್ ಕ್ರೀಡಾಂಗಣದಲ್ಲಿ ಓಟಗಾರರು ಸಾಲುಗಟ್ಟಿ ನಿಂತಾಗ ಎರಿಕನು ದೇವರ ಆರಾಧನೆಯಲ್ಲಿದ್ದನು. ಮರುದಿನ ನೂರು ಮೀಟರ್ ಓಟವನ್ನು ಇಂಗ್ಲೆಂಡಿನ ಹೆರಾಲ್ಡ್ ಅಬ್ರಹಾಮ್ಸ್ 10.6 ಸೆಕೆಂಡುಗಳಲ್ಲಿ ಗೆದ್ದನು. 9ರಂದು ನಡೆದ 200 ಮೀಟರ್ ಓಟದಲ್ಲಿ ಎರಿಕನಿಗೆ ಮೂರನೆಯ ಸ್ಥಾನವೂ ಕಂಚಿನ ಪದಕವೂ ದೊರೆತುವು.

ಜುಲೈ 11, ಶುಕ್ರವಾರ. ಬೆಳಿಗ್ಗೆ ತಂಡದ ಅಂಗಮರ್ದಕನೊಬ್ಬ ಮಡಿಸಿದ ಚೀಟಿಯೊಂದನ್ನು ಎರಿಕನ ಕೈಯಲ್ಲಿಟ್ಟನು. ಅದರಲ್ಲಿ ಬೈಬಲ್ಲಿನ ಮಾತೊಂದನ್ನು ನೆನಪಿಸಿ ಶುಭ ಕೋರಿದ್ದಿತು. ತನ್ನ ನೇಮವನ್ನು ಅರ್ಥಮಾಡಿಕೊಂಡವನು ತಂಡದಲ್ಲಿ ಒಬ್ಬನಾದರೂ ಇದ್ದಾನೆಂದು ಎರಿಕನಿಗೆ ಆಗ ತಿಳಿಯಿತು. ಅದೇ ದಿನ ನಡೆದ ಉಪಾಂತ್ಯ ಸುತ್ತಿನಲ್ಲಿ ಅಮೆರಿಕದ ಹೊರೇಷಿಯೋ ಫಿಚ್ 47.8 ಸೆಕೆಂಡುಗಳಲ್ಲಿ ಓಡಿ ದಾಖಲೆ ಮಾಡಿದ್ದನು. ಸಂಜೆಯ ಅಂತಿಮ ಓಟದಲ್ಲಿ ಎರಿಕನಿಗೆ ದೊರೆತುದು ಎಲ್ಲಕ್ಕಿಂತ ಹೊರಗಿನ ಆರನೆಯ ಪಥ. ಬಾಗುದಾರಿಯಲ್ಲಿ ದೂರವನ್ನು ಸರಿದೂಗಿಸಲೆಂದು ಹೊರಪಥದವನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರೆ. ಆದುದರಿಂದ ಎದುರಾಳಿಗಳೆಲ್ಲ ಅವನ ಬೆನ್ನ ಹಿಂದೆ. ಯಾರು ಎಷ್ಟು ಹತ್ತಿರ ಬಂದರೆಂಬುದು ಅವನಿಗೆ ಕಾಣದು. ಕಾಲೂರಿ ಚಿಮ್ಮಲು ಈಗಿರುವಂತಹ ಆಸರೆ ಕಟ್ಟೆಗಳು ಆಗ ಇರಲಿಲ್ಲ. ಓಟಗಾರರು ಸಣ್ಣ ಕರಣೆಯಿಂದ ನೆಲದಲ್ಲಿ ಗುಳಿ ತೋಡಿಕೊಳ್ಳುತ್ತಿದ್ದರು. ಕರಣೆ ಇಲ್ಲದ ಎದುರಾಳಿಗಳಿಗೆ ತನ್ನದನ್ನು ಕೊಡುವುದು, ಓಟಕ್ಕೆ ಮೊದಲು ಎಲ್ಲರ ಕೈ ಕುಲುಕುವುದು ಎರಿಕನ ವಾಡಿಕೆ. ಅಂದೂ ಕೈ ಕುಲುಕಿ ತನ್ನ ಜಾಗದಲ್ಲಿ ನಿಂತನು.

ಪಿಸ್ತೂಲಿನ ಸದ್ದಾಯಿತು. ನಾನೂರು ಮೀಟರ್ ಓಡುವವರು ಮೊದಲ ಅರ್ಧದಲ್ಲಿ ಬಲವನ್ನು ಉಳಿಸಿಕೊಳ್ಳುವುದು ಅಂದಿನ ಪದ್ಧತಿ. ಎರಿಕನು ನೂರು ಮೀಟರ್ ಓಡುವವನಂತೆ ನುಗ್ಗಿದನು. ಮೊದಲ ಇನ್ನೂರು ಮೀಟರುಗಳು 22.2 ಸೆಕೆಂಡುಗಳಲ್ಲಿ ಮುಗಿದುವು. ಇವನು ಕೊನೆಯವರೆಗೆ ನಿಲ್ಲಲಾರ, ನಡುವೆಯೇ ಸೊರಗುವನೆಂದು ತಿಳಿದವರು ಭಾವಿಸಿದರು. ಕೊನೆಯ ನೇರ ದಾರಿಯಲ್ಲಿ ಫಿಚ್ ಹತ್ತಿರ ಬರತೊಡಗಿದನು. ಆಗ ಎರಿಕನ ತಲೆ ಹಿಂದಕ್ಕೆ ವಾಲಿತು, ಬಾಯಿ ತೆರೆಯಿತು, ತೋಳುಗಳು ಗಾಳಿಯನ್ನು ಸೀಳಿದುವು. ಹಿಂದೆ ಬರುತ್ತಿದ್ದವರಲ್ಲಿ ಇಬ್ಬರು ಎಡವಿ ಬಿದ್ದರು. ಎರಿಕನು ಕೊನೆಯ ದಾರವನ್ನು ಮುಟ್ಟಿದಾಗ ಗಡಿಯಾರ ತೋರಿದುದು 47.6 ಸೆಕೆಂಡು, ಹೊಸ ವಿಶ್ವದಾಖಲೆ. ಫಿಚ್ ಎರಡನೆಯವನಾಗಿ ಮುಟ್ಟಲು ಮತ್ತೆ ಎಂಟು ದಶಾಂಶ ಸೆಕೆಂಡು ಬೇಕಾಯಿತು.

ವಾರ ಕಳೆಯುವುದರೊಳಗೆ ಎಡಿನ್‌ಬರೋದಲ್ಲಿ ಪದವಿ ಪ್ರದಾನ ಸಮಾರಂಭ. ಎರಿಕನು ಬಿ.ಎಸ್‌ಸಿ. ಪದವಿ ಸ್ವೀಕರಿಸಲು ಬಂದಾಗ ಅವನ ತಲೆಗೆ ಪ್ರಾಚೀನ ಗ್ರೀಕರ ರೀತಿಯಲ್ಲಿ ಎಲೆಗಳ ಕಿರೀಟವನ್ನು ತೊಡಿಸಿದರು. ವಿದ್ಯಾರ್ಥಿಗಳು ಅವನನ್ನು ಹೆಗಲ ಮೇಲೆ ಹೊತ್ತು ಬೀದಿಗಳಲ್ಲಿ ಮೆರೆಸಿದರು. ಅವನಿಗಾಗ 22 ವರ್ಷ. ಓಡುತ್ತಲೇ ಇದ್ದಿದ್ದರೆ ಇನ್ನೆಷ್ಟು ಪದಕಗಳು ಬರುತ್ತಿದ್ದುವೋ! ಆದರೆ ತಾನು ಚೀನಾಕ್ಕೆ ಹೋಗಬೇಕೆಂದು ಅವನು ಬಹು ಹಿಂದೆಯೇ ನಿಶ್ಚಯಿಸಿದ್ದನು. 1925ರ ಬೇಸಗೆಯಲ್ಲಿ ಅವನು ಹೊರಟ ದಿನ ಎಡಿನ್‌ಬರೋದ ವಿದ್ಯಾರ್ಥಿಗಳು ಅವನು ಕುಳಿತ ಸಾರೋಟನ್ನು ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣಕ್ಕೆ ಒಯ್ದರು.

ಟಿಯೆನ್‌ಸಿನ್ನಿನ ಆಂಗ್ಲೋ ಚೈನೀಸ್ ಕಾಲೇಜಿನಲ್ಲಿ ಅವನು ಸುಮಾರು ಹನ್ನೆರಡು ವರ್ಷ ವಿಜ್ಞಾನವನ್ನು ಕಲಿಸಿದನು, ಹುಡುಗರನ್ನು ಆಟಕ್ಕೆ ಇಳಿಸಿದನು. 1932ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದನು. 1934ರಲ್ಲಿ ಕೆನಡಾ ದೇಶದ ಮಿಷನರಿ ಕುಟುಂಬದ ಫ್ಲಾರೆನ್ಸ್ ಮೆಕೆಂಜಿಯನ್ನು ಮದುವೆಯಾದನು. 1937ರಲ್ಲಿ ಜಪಾನಿನ ಸೇನೆ ಉತ್ತರ ಚೀನಾದ ಮೇಲೆ ನುಗ್ಗಿತು. ಬಯಲಿನ ಹಳ್ಳಿಗಳಲ್ಲಿ ಹಸಿವು, ಸುಲಿಗೆ, ಕೊಲೆ. ಅದೇ ವರ್ಷದ ಕೊನೆಯಲ್ಲಿ ಎರಿಕನು ನಗರದ ನೆಮ್ಮದಿಯನ್ನು ಬಿಟ್ಟು ತನ್ನ ಎಳೆತನದ ಸಿಯಾವ್‌ಚಾಂಗಿಗೆ ಹೋದನು. ಅಲ್ಲಿನ ಆಸ್ಪತ್ರೆಯಲ್ಲಿ ಅಣ್ಣ ರಾಬರ್ಟ್ ವೈದ್ಯನಾಗಿದ್ದನು. ಎರಿಕನು ಬೈಸಿಕಲ್ಲಿನ ಮೇಲೆ ಹಳ್ಳಿಯಿಂದ ಹಳ್ಳಿಗೆ ಸುತ್ತಿದನು. ಹಳ್ಳಿಗರು ಅವನನ್ನು ತಮ್ಮ ಭಾಷೆಯಲ್ಲಿ ಲೀ ಪಾದ್ರಿ ಎಂದು ಕರೆದರು.

1939ರಲ್ಲಿ ಒಂದು ದಿನ, ಗಾಯಗೊಂಡ ಚೀನೀಯನೊಬ್ಬ ದೂರದ ಪಾಳು ಗುಡಿಯಲ್ಲಿ ಬಿದ್ದಿರುವನೆಂದು ತಿಳಿದುಬಂದಿತು. ಜಪಾನೀಯರ ಭಯದಿಂದ ಗಾಡಿ ಹೊಡೆಯಲು ಯಾರೂ ಮುಂದೆ ಬರಲಿಲ್ಲ. ಲೀ ಪಾದ್ರಿ ಜೊತೆಗೆ ಬರುವುದಾದರೆ ತಾನು ಬರುವೆನೆಂದು ಕೊನೆಗೆ ಒಬ್ಬ ಒಪ್ಪಿದನು. ಗಾಯಾಳುವನ್ನು ಗಾಡಿಯಲ್ಲಿಟ್ಟು ಮರಳುವಾಗ ಇನ್ನೊಬ್ಬನ ಸುದ್ದಿ ಬಂದಿತು. ಸೈನಿಕರು ಶಿರಚ್ಛೇದ ಮಾಡಲು ಮುಂದಾದಾಗ ಮಂಡಿಯೂರಲೊಲ್ಲದೆ ನಿಂತಿದ್ದವನು ಅವನು. ಕತ್ತಿಯ ಏಟು ಕುತ್ತಿಗೆಗೆ ಬಿದ್ದಿದ್ದರೂ ಪ್ರಾಣ ಹೋಗಿರಲಿಲ್ಲ. ಎರಿಕನು ಅವನನ್ನೂ ಗಾಡಿಗೆ ಏರಿಸಿಕೊಂಡು ಮೈಲುಗಟ್ಟಲೆ ನಡೆದು ಆಸ್ಪತ್ರೆಗೆ ತಂದನು. ಮೊದಲನೆಯವನು ಉಳಿಯಲಿಲ್ಲ. ಎರಡನೆಯವನು ಬದುಕಿದನು. ಅವನೊಬ್ಬ ಚಿತ್ರಕಾರ; ಚೇತರಿಸಿಕೊಂಡ ಮೇಲೆ ಹೂವಿನ ಚಿತ್ರವೊಂದನ್ನು ಬರೆದು ಎರಿಕನಿಗೆ ಕೊಟ್ಟನು.

1941ರಲ್ಲಿ ಮಹಾಯುದ್ಧದ ಕಾರ್ಮೋಡ ಪೂರ್ವಕ್ಕೂ ಕವಿಯಿತು. ಎರಿಕನು ಗರ್ಭಿಣಿಯಾದ ಮಡದಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಹಡಗು ಹತ್ತಿಸಿ, ತಾನು ಉಳಿದುಕೊಂಡನು. ಮೂರನೆಯ ಮಗಳು ಕೆನಡಾದಲ್ಲಿ ಹುಟ್ಟಿದಳು. ಅವಳ ಮುಖವನ್ನು ಅವನು ಎಂದೂ ನೋಡಲಿಲ್ಲ.

1943ರ ಮಾರ್ಚಿಯಲ್ಲಿ ಜಪಾನೀಯರು ಅವನನ್ನು ಇತರ ವಿದೇಶೀಯರೊಡನೆ ಶಾನ್‌ಡಾಂಗ್ ಪ್ರಾಂತದ ವೇಷಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಹಳೆಯ ಮಿಷನ್ ಆವರಣವೊಂದರ ಗೋಡೆಗಳ ನಡುವೆ ಸಾವಿರದ ಐನೂರಕ್ಕೂ ಹೆಚ್ಚು ಜನ. ವ್ಯಾಪಾರಿಗಳು, ಪಾದ್ರಿಗಳು, ಸಂನ್ಯಾಸಿಗಳು, ಕುಡುಕರು, ಮಕ್ಕಳು. ಅರೆಹೊಟ್ಟೆಯ ಊಟ, ಚಳಿಗಾಲದಲ್ಲಿ ಕೊರೆಯುವ ಗಾಳಿ. ಎರಿಕನು ನಸುಕಿನಲ್ಲಿ ಎದ್ದು, ಕಡಲೆಕಾಯಿ ಎಣ್ಣೆಯ ದೀಪದ ಬೆಳಕಿನಲ್ಲಿ ಬೈಬಲ್ ಓದಿ ಪ್ರಾರ್ಥಿಸಿ, ಬಳಿಕ ದಿನವಿಡೀ ನೀರು ಹೊರುವುದು, ಮುದುಕರಿಗೆ ಇದ್ದಿಲು ತಂದುಕೊಡುವುದು, ಪಾಠ ಹೇಳುವುದು ಇವುಗಳಲ್ಲಿ ಮುಳುಗುತ್ತಿದ್ದನು. ಪ್ರಯೋಗಶಾಲೆ ಇಲ್ಲದುದರಿಂದ ರಸಾಯನಶಾಸ್ತ್ರದ ಉಪಕರಣಗಳ ಚಿತ್ರಗಳನ್ನು ಬರೆದೇ ಪಾಠ ಮಾಡಿದನು. ಕೆನಡಾದಿಂದ ಪತ್ರ ಬರಲು ತಿಂಗಳುಗಳೇ ಬೇಕು; ರೆಡ್‌ಕ್ರಾಸ್ ಮೂಲಕ ಕಳುಹಿಸುವ ಸಂದೇಶದಲ್ಲಿ 25 ಪದಗಳಿಗಿಂತ ಹೆಚ್ಚು ಬರೆಯುವಂತಿರಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಚೀಫೂ ಎಂಬಲ್ಲಿನ ಮಿಷನರಿ ವಸತಿಶಾಲೆಯ ಮಕ್ಕಳನ್ನು ಅದೇ ಶಿಬಿರಕ್ಕೆ ತಂದರು. ಅವರ ತಂದೆತಾಯಿಗಳು ಚೀನಾದ ಒಳನಾಡಿನಲ್ಲಿ ಎಲ್ಲಿಯೋ ಇದ್ದರು. ಎಷ್ಟೋ ಮಕ್ಕಳು ಅವರನ್ನು ಕಂಡು ವರ್ಷಗಳಾಗಿದ್ದುವು. ಆರನೆಯ ವಯಸ್ಸಿಗೆ ತಾಯಿಯಿಂದ ಅಗಲಿದವನಿಗೆ ಅವರ ಮನಸ್ಸನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಮಕ್ಕಳು ಅವನನ್ನು ಎರಿಕ್ ಮಾವ ಎಂದೇ ಕರೆದರು. ಹಾಕಿ ಕೋಲುಗಳು ಮುರಿದರೆ ಹೊಸದು ದೊರೆಯುವಂತಿರಲಿಲ್ಲ. ಅವನು ಹಾಸಿಗೆಯ ಬಟ್ಟೆಗಳನ್ನು ಹರಿದು ಪಟ್ಟಿ ಮಾಡಿ, ಅಂಟು ಹಚ್ಚಿ ಸುತ್ತಿ, ಮುರಿದವನ್ನು ಮತ್ತೆ ಆಡಲು ಬರುವಂತೆ ಮಾಡುತ್ತಿದ್ದನು.

ಶಿಬಿರದಲ್ಲಿಯೂ ಭಾನುವಾರ ಆಟವಿರಲಿಲ್ಲ. ಹಿರಿಯರ ಕಟ್ಟುಪಾಡಿಗೆ ಬೇಸತ್ತ ಹುಡುಗ ಹುಡುಗಿಯರು ಒಂದು ಭಾನುವಾರ ತಾವಾಗಿಯೇ ಹಾಕಿ ಪಂದ್ಯವನ್ನು ಹೂಡಿದರು. ತೀರ್ಪುಗಾರರಿಲ್ಲದ ಆಟ ಹೊಡೆದಾಟದಲ್ಲಿ ಕೊನೆಗೊಂಡಿತು. ಮುಂದಿನ ಭಾನುವಾರ ಅವರು ಮತ್ತೆ ಬಯಲಿಗೆ ಬಂದಾಗ ಮೈದಾನದಲ್ಲಿ ತೀರ್ಪುಗಾರನೊಬ್ಬ ನಿಂತಿದ್ದನು. ಒಲಿಂಪಿಕ್ ಪದಕಕ್ಕಾಗಿಯೂ ಯಾವ ದಿನವನ್ನು ಬಿಟ್ಟುಕೊಟ್ಟಿರಲಿಲ್ಲವೋ ಆ ದಿನವನ್ನು ಎರಿಕ್ ಲಿಡೆಲ್ ಆ ಮಕ್ಕಳಿಗಾಗಿ ಬಿಟ್ಟುಕೊಟ್ಟನು. ಅದನ್ನು ಕುರಿತು ಶಿಬಿರದಲ್ಲಿ ಕೆಲವರಿಗೆ ಅಚ್ಚರಿಯಾಗಿರಬೇಕು. ಅವನ ನೇಮದ ಬೇರು ಎಲ್ಲಿತ್ತೆಂಬುದನ್ನು ಬಲ್ಲವರಿಗೆ ಆಗಿರಲಾರದು.

ದೊಡ್ಡ ಹುಡುಗರಿಗೆ ಅವನು ಯೇಸುಕ್ರಿಸ್ತನ ಪರ್ವತ ಪ್ರಸಂಗವನ್ನು ಬೋಧಿಸುತ್ತಿದ್ದನು. ಶತ್ರುಗಳನ್ನು ಪ್ರೀತಿಸಬೇಕೆಂಬ ಭಾಗ ಬಂದಾಗ, ಬಂದೂಕು ಹಿಡಿದು ತಮ್ಮನ್ನು ಕಾಯುತ್ತಿರುವವರಿಗೂ ಅದು ಸಲ್ಲುವುದೇ ಎಂಬ ಚರ್ಚೆ ಎದ್ದಿತು. ಪ್ರೀತಿಸುವುದು ಆಗದಿದ್ದರೆ ಅವರಿಗಾಗಿ ಪ್ರಾರ್ಥಿಸಲು ತೊಡಗಿರೆಂದು ಎರಿಕನು ತಿಳಿಸಿದನು. ಹದಿಹರೆಯದ ಒಬ್ಬ ಹುಡುಗ ಅಂದಿನಿಂದ ಜಪಾನೀಯರಿಗಾಗಿ ಪ್ರಾರ್ಥಿಸತೊಡಗಿದನು. 1945ರ ಚಳಿಗಾಲದಲ್ಲಿ ಆ ಹುಡುಗನ ಪಾದರಕ್ಷೆಗಳು ಸವೆದು ಹರಿದುಹೋಗಿದ್ದುವು. ಎರಿಕನು ತನ್ನ ಹಳೆಯ ಓಟದ ಬೂಟುಗಳನ್ನು ದಾರದಿಂದ ಕಟ್ಟಿ ಸರಿಪಡಿಸಿ ಅವನಿಗೆ ಕೊಟ್ಟನು.

ಆ ವೇಳೆಗೆ ಎರಿಕನಿಗೆ ತೀವ್ರ ತಲೆನೋವು ಕಾಣಿಸಿಕೊಂಡಿತ್ತು. ನಡಿಗೆ ನಿಧಾನವಾಯಿತು, ಮಾತು ತೊಡರಿತು. ದಣಿವು, ನರಗಳ ದೌರ್ಬಲ್ಯವೆಂದು ವೈದ್ಯರು ಭಾವಿಸಿದರು. ಫೆಬ್ರವರಿ 21ರಂದು ಮಡದಿಗೆ ಪತ್ರ ಬರೆದು, ಕೆಲಸದ ಭಾರ ಹೆಚ್ಚಾಗಿ ತುಸು ಬಳಲಿರುವುದಾಗಿ ತಿಳಿಸಿದನು. ಅಂದು ರಾತ್ರಿ ಅವನ ಪ್ರಾಣ ಹೋಯಿತು. ಮಿದುಳಿನಲ್ಲಿ ಗಡ್ಡೆ ಬೆಳೆದಿದ್ದುದು ಅನಂತರ ತಿಳಿಯಿತು. ಅವನ ವಯಸ್ಸು 43.

ಸಾವಿನ ಸುದ್ದಿ ಕೆನಡಾ ತಲಪಿದುದು ಮೇ 2ರಂದು. ಆಗಸ್ಟ್ 17ರಂದು ಅಮೆರಿಕದ ಏಳು ಮಂದಿ ಸೈನಿಕರು ಧುಮುಕುಕೊಡೆಗಳಲ್ಲಿ ಇಳಿದು ಶಿಬಿರದ ಜನರನ್ನು ಬಿಡಿಸಿದರು. ಎರಿಕನ ಗೋರಿಯ ಮೇಲೆ ನೆಟ್ಟಿದ್ದುದು ಮರದ ಶಿಲುಬೆ ಮಾತ್ರ. ಹೆಸರನ್ನು ಬೂಟಿನ ಪಾಲಿಷಿನಿಂದ ಬರೆದಿದ್ದರು. ಕಾಲಾಂತರದಲ್ಲಿ ಗೋರಿಯ ಗುರುತೂ ಅಳಿದುಹೋಯಿತು. 1991ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ ಮಲ್ ದ್ವೀಪದಿಂದ ಕಲ್ಲನ್ನು ತರಿಸಿ ಆ ಸ್ಥಳದಲ್ಲಿ ನಿಲ್ಲಿಸಿದರು.

ಶವಪೆಟ್ಟಿಗೆಯನ್ನು ಹೊತ್ತವರಲ್ಲಿ ಬೂಟು ಪಡೆದ ಆ ಹುಡುಗನೂ ಒಬ್ಬ. ಅಂದು ಅವನ ಕಾಲುಗಳಲ್ಲಿ ಇದ್ದುದು ಆ ಬೂಟುಗಳೇ. ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ ಅವನು ಮಿಷನರಿಯಾಗಿ ಜಪಾನಿಗೆ ಹೋಗಿ, ಅಲ್ಲಿಯ ಜನರ ನಡುವೆ ಹಲವು ದಶಕಗಳ ಕಾಲ ನೆಲೆಸಿದನು.